ಮೊಗುಡಂಪಲ್ಲಿಯ ಕಾಂತಾಬಾಯಿಯ ಆಪರೇಷನ್

ಶಾಮಲಾ ಬ್ಯಾಂಡೇಜ್ ಬಟ್ಟೆ ಕತ್ತರಿಸುತ್ತಿದ್ದಳು. ಒಂದು ಗೇಣು ಅಳೆದು, ಕತ್ತರಿ ಆಡಿಸಿ, ನಾಲ್ಕು ಮಡಿಕೆ ಮಾಡಿ, ಅಂಚಿನ ಎಳೆಗಳನ್ನು ಒಳಗೆ ಸೇರಿಸಿ ಸ್ಟೀಲಿನ ಡಬ್ಬಿಗೆ ಹಾಕುವುದು. ಮತ್ತೆ ಗೇಣು, ಮತ್ತೆ ಕತ್ತರಿ. ಡಬ್ಬಿ ಆಗಲೇ ತುಂಬಿತ್ತು. ಆದರೂ ಕೈ ನಿಲ್ಲಿಸಲು ಆಕೆಗೆ ಧೈರ್ಯವಿರಲಿಲ್ಲ. ಕೈ ನಿಂತರೆ ಎದುರಿಗೆ ಕೂತವನು ಮಾತು ತೆಗೆಯುತ್ತಾನೆ.

ಎದುರಿಗೆ ಕೂತವನು ಆತ್ಮಾರಾಮ, ಜೀವಛತ್ರ ಇನ್ಸೂರೆನ್ಸ್ ಕಂಪನಿಯ ತನಿಖೆಯವನು. ಐವತ್ತು ದಾಟಿದ ವಯಸ್ಸು. ಹುಟ್ಟೂರು ತಾಂಡೂರು, ಅಲ್ಲಿಯ ಪಾಲಿಶ್ ಮಾಡಿದ ಕಲ್ಲಿನ ಹಾಗೆ ನುಣುಪಾದ ತಲೆ. ತೊಡೆಯ ಮೇಲೆ ಒಂದು ನೀಲಿ ಫೈಲು. ಬಂದು ಅರ್ಧ ಗಂಟೆಯಾದರೂ ತುಟಿ ಬಿಚ್ಚಿರಲಿಲ್ಲ. ಆಕೆಯ ಕೈ ನೋಡುತ್ತಿದ್ದ, ಪುಟ ತಿರುಗಿಸುತ್ತಿದ್ದ, ಮತ್ತೆ ಕೈ ನೋಡುತ್ತಿದ್ದ.

ಬಟ್ಟೆಯ ಥಾನು ಮುಗಿಯಿತು.

"ಇನ್ನ ಕತ್ತರಿಸಾಕ ಏನೂ ಉಳೀಲಿಲ್ಲಲ್ಲ ತಂಗಿ?" ಎಂದ ಆತ್ಮಾರಾಮ. "ಈಗರೆ ಮಾತಾಡೋಣೇನು?"

ಪ್ರತ್ಯೇಕ ರಾಜ್ಯ ಬೇಕೆಂಬ ಮುಷ್ಕರದ ಎಂಟನೆಯ ದಿನ ಅದು. ಜಹೀರಾಬಾದಿನಲ್ಲಿ ಬಸ್ಸಿಲ್ಲ, ಶಾಲೆಯಿಲ್ಲ, ಕರೆಂಟು ಬಂದರೆ ಬಂತು. ಆದರೆ ಶಾಮಲಾ ದುಡಿಯುವ, ನೆತ್ತಿಯ ಮೇಲೆ ಗಡಿಯಾರವಿದ್ದು ಜನ ಗಡಿಯಾರದ ದವಾಖಾನೆ ಅನ್ನುವ ಈ ದವಾಖಾನೆಯ ಮಂಚಗಳು ಖಾಲಿಯಾಗಿದ್ದು ಮುಷ್ಕರದಿಂದಲ್ಲ. ಆಗದ ಆಪರೇಷನ್ನುಗಳಿಗೆ ದುಡ್ಡು ಕೇಳಿದ್ದೀರಿ ಎಂದು ಕಂಪನಿ ಮೂರು ದಿನದ ಹಿಂದೆ ದವಾಖಾನೆಯನ್ನು ತನ್ನ ಇನ್ಸೂರೆನ್ಸ್ ಕಾರ್ಡು ನಡೆಯುವ ದವಾಖಾನೆಗಳ ಪಟ್ಟಿಯಿಂದ ಕಿತ್ತುಹಾಕಿತ್ತು. ಮೂರು ವರ್ಷ ಹಳೆಯ ದರಕ್ಕೇ ದುಡಿಸಿಕೊಂಡು ಈಗ ನಮ್ಮನ್ನೇ ಕಳ್ಳರು ಅನ್ನುತ್ತೀರಾ ಎಂದು ದವಾಖಾನೆಯವರು ತಿರುಗಿ ನಿಂತಿದ್ದರು. ಈ ಇಬ್ಬರ ಜಗಳದಲ್ಲಿ ಕಾರ್ಡು ಹಿಡಿದು ಬಂದ ರೋಗಿಗಳೆಲ್ಲ ಗಂಟು ಕಟ್ಟಿಕೊಂಡು ವಾಪಸು ಹೋಗಿದ್ದರು.

ಹೋಗಲಾಗದೆ ಉಳಿದವಳು ಒಬ್ಬಳೇ. ಮೂರನೆಯ ಮಂಚದ ಸಾಯಮ್ಮ, ಶಾಮಲಾಳ ತಾಯಿ.

ಗರ್ಭಕೋಶದಲ್ಲಿ ಗಡ್ಡೆ. ರಕ್ತ ಹೋಗಿ ಹೋಗಿ ಮುಖ ಸುಣ್ಣ ಬಳಿದ ಹಾಗಾಗಿತ್ತು. ಬೀದರಿಗೆ ಒಯ್ಯೋಣವೆಂದರೆ ಅದು ಬೇರೆ ರಾಜ್ಯ, ಅಲ್ಲಿ ಈ ಕಾರ್ಡು ನಡೆಯುವುದಿಲ್ಲ. ಮೇಲಾಗಿ, ಈ ಸ್ಥಿತಿಯಲ್ಲಿ ಜೀಪಿನಲ್ಲಿ ಕುಲುಕಿಸಿದರೆ ದಾರಿಯಲ್ಲೇ ಜೀವ ಬಿಡುತ್ತಾಳೆ ಎಂದಿದ್ದರು ದೊಡ್ಡ ಡಾಕ್ಟರು. ಅವರೂ ಇವತ್ತು ಹನ್ನೆರಡಕ್ಕೆ ತಾಂಡೂರಿಗೆ ಹೊರಡುವವರು. ಹನ್ನೆರಡರ ಮೇಲೆ ರಸ್ತೆ ಬಂದ್. ಮತ್ತೆ ಅವರು ಬರುವುದು ಶುಕ್ರವಾರ.

ಸಾಯಮ್ಮ ಶುಕ್ರವಾರ ಕಾಣುವ ಹಾಗಿರಲಿಲ್ಲ.

ಆತ್ಮಾರಾಮ ಫೈಲಿನಿಂದ ಒಂದು ಹಾಳೆ ತೆಗೆದ. ರೋಗಿಯನ್ನು ಥಿಯೇಟರಿನ ಒಳಗೆ ಒಯ್ಯುವ ಮುಂಚೆ ತುಂಬುವ ಹಾಳೆ ಅದು. ತಯಾರಿ ಹಾಳೆ ಅನ್ನುತ್ತಾರೆ. ಅದನ್ನು ಮೂರು ಮಡಿಕೆ ಮಾಡಿ, ಮೇಲಿನ ಭಾಗ ಮಾತ್ರ ಆಕೆಯ ಕಡೆ ಹಿಡಿದ.

"ಓದಾಕ ಬರ್ತದೇನು?"

"ಏಳನೇದರ ತನಕ ಕನ್ನಡ ಸಾಲಿ ಕಲ್ತೀನ್ರಿ. ತೆಲುಗು ಸಾವಕಾಶ ಬರ್ತದ."

"ಸಾವಕಾಶನ ಓದು. ನನಗೇನ ಗಡಿಬಿಡಿ ಇಲ್ಲ."

ಗಡಿಬಿಡಿ ಇದ್ದದ್ದು ಆಕೆಗೆ. ಬೆರಳಿಟ್ಟು ಓದಿದಳು. ರೋಗಿಯ ಹೆಸರು ಕಾಂತಾಬಾಯಿ. ಗಂಡ ಮನ್ಮಥಪ್ಪ. ಊರು ಮೊಗುಡಂಪಲ್ಲಿ. ಆಗಸ್ಟ್ ಇಪ್ಪತ್ತೆರಡು, ಸೋಮವಾರ. ಪಿತ್ತಕೋಶ ತೆಗೆಯುವ ಆಪರೇಷನ್. ತಯಾರು ಮಾಡಿದ ಆಯಾ, ಶಾಮಲಾ.

ತನ್ನ ಹೆಸರಿನ ಮೇಲೆ ಬೆರಳು ಅಂಟಿಕೊಂಡ ಹಾಗಾಯಿತು.

"ಈ ದವಾಖಾನ್ಯಾಗ ಥಿಯೇಟರ್ ಆಯಾ ಎಷ್ಟು ಮಂದಿ ಅದಾರ?"

"ನಾ ಒಬ್ಬಾಕೀನ ರಿ."

"ಹಂಗಾದ್ರ ಈ ಬಾಯಿನ್ನ ನೀನ ತಯಾರ ಮಾಡಿರಬೇಕು. ನೋಡೀಯೋ, ಇಲ್ಲೋ?"

ಶಾಮಲಾ ನೆಲ ನೋಡಿದಳು. ನಿನ್ನೆ ಸಂಜೆ ಸಂಜೀವಕುಮಾರ ಹೇಳಿದ್ದು ಕಿವಿಯಲ್ಲಿ ಗುಂಯ್ಗುಡುತ್ತಿತ್ತು. ಸಂಜೀವಕುಮಾರ ದವಾಖಾನೆಯ ಕಾರ್ಡಿನ ವ್ಯವಹಾರವನ್ನೆಲ್ಲ ನೋಡಿಕೊಳ್ಳುವವನು. 'ಹೂಂ, ನೋಡೀನಿ ಅನ್ನು. ಒಂದ ಮಾತು. ಕಂಪನಿ ಬಾಯಿ ಮುಚ್ತದ. ನೀ ಹಂಗ ಅಂದ್ರ ಕಾರ್ಡ್ ನಡೀಲಿ ಬಿಡಲಿ, ದವಾಖಾನಿ ಲೆಕ್ಕದಾಗ ನಾ ಸಹಿ ಹಾಕಿ ನಿಮ್ಮವ್ವನ್ನ ಒಳಗ ಕಳಸ್ತೀನಿ' ಎಂದಿದ್ದ.

ಆತ್ಮಾರಾಮ ಆಕೆಯ ಮನಸ್ಸು ಓದಿದವನ ಹಾಗೆ ನಕ್ಕ. "ಸಾಯಮ್ಮ ನಿಮ್ಮವ್ವ ಅಂತ ನನಗ ಗೊತ್ತದ ತಂಗಿ. ಪಟ್ಟಿಂದ ಹೆಸರು ತೆಗಿಯೋ ಒಂದು ದಿನ ಮೊದಲ ಆಕಿ ಅಡ್ಮಿಟ್ ಆಗ್ಯಾಳ. ಅಂಥಾ ಕೇಸಿಗಿ ತನಿಖಾ ಮಾಡಾವ ಸಹಿ ಕೊಟ್ರ ಸಾಕು, ಆಪರೇಷನ್ ನಡೀತದ. ಖರೆ ಹೇಳು. ಸಹಿ ಹಾಕ್ತೀನಿ."

ಸುಳ್ಳು ಹೇಳಿದರೆ ಒಬ್ಬ ಸಹಿ ಹಾಕುತ್ತಾನೆ. ನಿಜ ಹೇಳಿದರೆ ಇನ್ನೊಬ್ಬ. ಇಬ್ಬರೂ ಇಷ್ಟು ಸಲೀಸಾಗಿ ಸಹಿ ಹಾಕುವವರಾದರೆ ಮೂರು ದಿನ ಯಾಕೆ ಸುಮ್ಮನಿದ್ದರು? ಈ ಪ್ರಶ್ನೆ ಬಾಯಿಗೆ ಬಂದರೂ ಶಾಮಲಾ ನುಂಗಿಕೊಂಡಳು. ಬಾಯಿಗೆ ಬಂದದ್ದನ್ನು ನುಂಗುವುದು ಆಕೆಗೆ ರೂಢಿ.

"ಹೆಸರಿನ ಮ್ಯಾಲ ನನಗ ಗುರುತ ಆಗಲ್ರಿ," ಎಂದಳು ಕಡೆಗೆ. "ಮಾರಿ ನೋಡಿದ್ರ ಹೇಳ್ತೀನಿ."

ಆತ್ಮಾರಾಮ ಎದ್ದು ಫೈಲು ಬಗಲಲ್ಲಿ ಇಟ್ಟುಕೊಂಡ. "ನಡಿ ಹಂಗಾದ್ರ, ಮಾರಿ ತೋರಸ್ತೀನಿ. ಜೀಪು ಅದ."

ಹೋಗುವ ಮುಂಚೆ ಶಾಮಲಾ ವಾರ್ಡಿಗೆ ಇಣುಕಿದಳು. ಸಾಯಮ್ಮ ಕಣ್ಣು ತೆರೆದಳು.

"ಎಲ್ಲಿಗಿ ಹೊಂಟಿ?"

"ಇಲ್ಲೇ ಯವ್ವಾ. ಬಂದ ಬಿಡ್ತೀನಿ."

"ಇಲ್ಲೇ ಹೋಗಾಕ ತಲಿ ಬಾಚ್ಕೊಂಡಿ?" ಸಾಯಮ್ಮನ ದನಿ ತಳಕ್ಕಿಳಿದಿದ್ದರೂ ಚುಚ್ಚು ಮಾತು ಹಾಗೇ ಇತ್ತು. "ಹೋಗು. ನಿಮ್ಮಪ್ಪ ಬಂದ್ರ ಊಟ ಮಾಡೀನಿ ಅಂತ ಹೇಳ್ತೀನಿ. ನೀನೂ ಹಂಗ ಹೇಳು."

ಬಾಗಿಲಲ್ಲಿ ಸಿಸ್ಟರ್ ಪ್ರೇಮಲಾ ಅಡ್ಡ ನಿಂತಳು. "ಏನ್ ಶಾಮಲಾ, ಕಂಪನಿ ಜೀಪಿನಾಗ ಸವಾರಿ! ನಾಳಿಗಿ ನಮ್ಮ ಗುರುತರೆ ಇರ್ತದೋ ಇಲ್ಲೋ?" ಎಂದು ಜೋರಾಗಿ ಅಂದು, ಆಮೇಲೆ ದನಿ ತಗ್ಗಿಸಿದಳು. "ಹನ್ನೊಂದೂವರಿಗಿ ಎಲ್ಲಾ ತಯಾರ ಇಡ್ತೀನಿ. ಅಷ್ಟರಾಗ ಸಹಿ ತಗೊಂಡ ಬಾ. ಯಾರ ಸಹಿ ಅನ್ನೋದು ನನಗ ಬ್ಯಾಡ."

ಜೀಪು ಶುಂಠಿ ಹೊಲಗಳ ನಡುವೆ ಓಡಿತು. ಆತ್ಮಾರಾಮ ಸಣ್ಣ ನೋಟ್ ಬುಕ್ ತೆಗೆದು ಬರೆಯುತ್ತ ಕೂತ. ಹೊರಟ ಟೈಮು ಬರೆದ. ಹಳ್ಳದ ಸೇತುವೆ ದಾಟಿದ್ದು ಬರೆದ. ಮೊಗುಡಂಪಲ್ಲಿಯಲ್ಲಿ ಮನ್ಮಥಪ್ಪನ ಮನೆಯ ಮುಂದೆ ಇಳಿದು, ಬಾಗಿಲ ಬಣ್ಣ ಬರೆದ, ಅಂಗಳದಲ್ಲಿ ಕಟ್ಟಿದ ಆಡು ನಾಲ್ಕು ಎಂದೂ ಬರೆದ. ಇಷ್ಟು ಬರೆಯುವ ಮನುಷ್ಯನನ್ನು ಶಾಮಲಾ ಎಂದೂ ಕಂಡಿರಲಿಲ್ಲ. ಬರೆಯುವವರನ್ನು ಕಂಡರೆ ಆಕೆಗೆ ಮೊದಲಿನಿಂದ ಗೌರವ. ಇವನನ್ನು ಕಂಡರೆ ಮಾತ್ರ ಗೌರವಕ್ಕಿಂತ ಮುಂಚೆ ಅನುಮಾನ ಬಂದು ಕೂತಿತ್ತು.

ಕಾಂತಾಬಾಯಿ ಪಡಸಾಲೆಯಲ್ಲಿ ಹೆಸರುಕಾಳು ಹಸನು ಮಾಡುತ್ತಿದ್ದಳು. ತುಂಬಿದ ಮೈ, ತುಂಬಿದ ದನಿ. ಆತ್ಮಾರಾಮ ಬಂದ ಕಾರಣ ಹೇಳಿದ್ದೇ ತಡ, ಮೊರ ಕೆಳಗಿಟ್ಟಳು.

"ನನ್ನ ಪಿತ್ತದ ಚೀಲ ತೆಗೆದಾರ? ನನಗ ಹೇಳದನ?" ಒಳಗಿನ ಕೋಣೆಗೆ ಕೂಗಿದಳು. "ಏ, ಕೇಳ್ರಿ ಇಲ್ಲಿ! ನನ್ನ ಹೊಟ್ಟಿ ಕೊಯ್ದಾರಂತ. ನಿಮಗರೆ ಮಾಲೂಮ ಅದೇನು?"

ಮನ್ಮಥಪ್ಪ ಟವೆಲು ಕೊಡವುತ್ತ ಹೊರಗೆ ಬಂದ. "ಕೊಯ್ದಿದ್ರ ಬಾಯಿ ಜರಾ ಕಡಿಮಿ ಆಗಿರ್ತಿತ್ತು," ಎಂದ. ಆಮೇಲೆ ಅವನ ಕಣ್ಣು ಶಾಮಲಾಳ ಮೇಲೆ ಬಿತ್ತು. "ಈಕಿ ಯಾರು? ಯಾವೂರು?"

"ನ್ಯಾಲ್ಕಲ್ ರಿ. ಮೊಗಲಪ್ಪನ ಮಗಳು."

"ಹೂಂ," ಎಂದ ಮನ್ಮಥಪ್ಪ. ಆ ಹೂಂ ಎಷ್ಟು ದೂರದಲ್ಲಿ ನಿಲ್ಲಬೇಕೆಂದು ಹೇಳುವ ಹೂಂ. ಶಾಮಲಾ ಕಂಬದ ಪಕ್ಕ ನಿಂತಳು.

"ಆಗಸ್ಟ್ ಇಪ್ಪತ್ತೆರಡು, ಸೋಮವಾರ," ಎಂದ ಆತ್ಮಾರಾಮ. "ಅವತ್ತ ಎಲ್ಲಿದ್ರಿ ಅಕ್ಕಾರ?"

"ಶ್ರಾವಣ ಸೋಮವಾರ ನಾ ಎಲ್ಲಿರ್ಲಿ? ಮನ್ಯಾಗ ಅಯ್ಯನೋರ ಪೂಜಿ ಇತ್ತು. ಎಪ್ಪತ್ತು ಮಂದಿಗಿ ಹೋಳಿಗಿ ಮಾಡೀನಿ. ಬೇಕಂದ್ರ ಊರಾಗ ಕೇಳ್ರಿ, ಯಾರ್ಯಾರು ಎಷ್ಟೆಷ್ಟು ತಿಂದ್ರು ಅಂತ ಹೆಸರು ಹಿಡಿದು ಹೇಳ್ತೀನಿ." ಕಾಂತಾಬಾಯಿ ಎದ್ದಳು. "ಹೊಟ್ಟಿ ನೋಡಬೇಕೇನು? ನಿಮಗ ತೋರಸಲ್ಲ. ಏ ಹುಡುಗಿ, ಒಳಗ ಬಾ."

"ಕಾಂತಾ..." ಎಂದ ಮನ್ಮಥಪ್ಪ.

"ನೀವು ಸುಮ್ಕಿರ್ರಿ. ದವಾಖಾನಿ ಹುಡುಗಿ ಅದಾಳ. ಒಳಗ ಬಾರವ್ವಾ."

ಕೋಣೆಯ ಕತ್ತಲಲ್ಲಿ ಕಾಂತಾಬಾಯಿ ಸೆರಗು ಸರಿಸಿದಳು. ಹೊಟ್ಟೆಯ ಮೇಲೆ ಒಂದು ಗೀರೂ ಇರಲಿಲ್ಲ. ಬಗ್ಗುವಾಗ ಎದೆಯ ಮೇಲಿನ ಲಿಂಗ ಜೋತಾಡದಂತೆ ಆಕೆ ಒಂದು ಕೈಯಿಂದ ಅದನ್ನಿಟ್ಟ ಬೆಳ್ಳಿಯ ಪುಟ್ಟ ಡಬ್ಬಿಯನ್ನು, ಕರಡಿಗೆಯನ್ನು, ಒತ್ತಿ ಹಿಡಿದಿದ್ದಳು. ಹಿಡಿದದ್ದು ಆಕೆಗೇ ಗೊತ್ತಿರಲಿಲ್ಲ. ಉಸಿರಾಡಿದಷ್ಟು ರೂಢಿಯಾದ ಕೈ ಅದು.

ಶಾಮಲಾಳಿಗೆ ಆ ಕೈ ಗೊತ್ತು. ಥಿಯೇಟರಿಗೆ ಒಯ್ಯುವ ಮುಂಚೆ ಬಳೆ, ತಾಳಿ, ಕಾಲುಂಗುರ ಎಲ್ಲ ಬಿಚ್ಚಿಸುವುದು ಆಕೆಯ ಕೆಲಸ. ಆದರೆ ಲಿಂಗಾಯತರ ಮನೆಯವರು ಬಂದಾಗ ಲಿಂಗ ಬಿಚ್ಚಿಸುವಂತಿಲ್ಲ. ಅದು ಮೈ ಬಿಟ್ಟು ಹೋಗಬಾರದು. ಶಾಮಲಾ ಕುದಿಸಿ ಒಣಗಿಸಿದ ಬಟ್ಟೆಯ ಪಟ್ಟಿಯನ್ನು ಎರಡು ಬೆರಳಲ್ಲಿ ಹಿಡಿದು ದೂರದಿಂದ ನೀಡುತ್ತಾಳೆ. ಮನೆಯವರು ಅದನ್ನು ಸುತ್ತಿ ರೋಗಿಯ ತೋಳಿಗೆ ಕಟ್ಟುತ್ತಾರೆ. ಮುಟ್ಟಬೇಡವೆಂದು ಕೆಲವರು ಬಾಯಿಬಿಟ್ಟು ಹೇಳುತ್ತಾರೆ, ಕೆಲವರು ಕಣ್ಣಿನಲ್ಲೇ. ಒಂದು ಮೊಳ ದೂರ ನಿಂತು ನೋಡಿ ನೋಡಿಯೇ ಆಕೆಗೆ ಅದರ ಎಲ್ಲ ರೀತಿ ಗೊತ್ತಾಗಿತ್ತು.

"ನೋಡ್ದ್ಯಾ?" ಎಂದಳು ಕಾಂತಾಬಾಯಿ.

"ನೋಡ್ದೆ ರಿ."

"ಹೊಟ್ಟಿಗಿ ಏನಾಗಿಲ್ಲ. ನಿನ್ನ ಮಾರಿಗಿ ಏನಾಗ್ಯದ? ಯಾಕ ಇಷ್ಟ ಬಾಡಿ?"

ಯಾರೂ ಕೇಳಿರದ ಪ್ರಶ್ನೆ ಅದು. ಶಾಮಲಾ ಅಂಗೈಯಿಂದ ಮುಖ ಒರೆಸಿಕೊಂಡು ಹೊರಗೆ ಬಂದಳು.

ಹೊರಗೆ ಆತ್ಮಾರಾಮ ಅದೇ ತಯಾರಿ ಹಾಳೆಯನ್ನು ಮನ್ಮಥಪ್ಪನ ಮುಂದೆ ಹಿಡಿದಿದ್ದ. ಈಗ ಕೆಳಗಿನ ಭಾಗ ಮಾತ್ರ ಕಾಣುವ ಹಾಗೆ ಮಡಚಿದ್ದ. "ಈ ಸಹಿ ನಿಮ್ದೇನು?"

"ನಂದಲ್ಲ. ನಂದಲ್ಲಂದ್ರ ನಂದಲ್ಲ."

"ಆತು." ಆತ್ಮಾರಾಮ ಹಾಳೆ ಬಿಚ್ಚಿ ಫೈಲಿಗೆ ಸೇರಿಸುವಷ್ಟರಲ್ಲಿ ಗಾಳಿ ಬೀಸಿತು. ಹಾಳೆ ಪೂರ್ತಿ ತೆರೆದುಕೊಂಡಿತು. ಕಂಬದ ಪಕ್ಕದಿಂದ ಶಾಮಲಾ ನಡುವಿನ ಸಾಲು ಕಂಡಳು. ಸಾವಕಾಶ ಓದುವವಳು ಆ ಹೊತ್ತಿಗೆ ಹೇಗೆ ಅಷ್ಟು ಬೇಗ ಓದಿದಳೋ. ತಾಳಿ ಒಂದು, ಕಾಲುಂಗುರ ಎರಡು, ಬೆಳ್ಳಿ ಲಿಂಗ ಒಂದು. ಎಲ್ಲ ಬಿಚ್ಚಿ ಗಂಡನ ಕೈಗೆ ಕೊಡಲಾಗಿದೆ.

ಆತ್ಮಾರಾಮನ ಹೆಬ್ಬೆರಳು ಆ ಸಾಲಿನ ಮೇಲೆ ಬಂದು ಕೂತಿತು. ಬೆಳಗ್ಗೆ ಆಕೆಗೆ ಮೇಲಿನ ಭಾಗ, ಈಗ ಮನ್ಮಥಪ್ಪನಿಗೆ ಕೆಳಗಿನ ಭಾಗ. ನಡುವಿನದು ಮಾತ್ರ ಯಾರಿಗೂ ಇಲ್ಲ.

"ನಿಮ್ಮ ಕಾರ್ಡ್ ಯಾರ ಕೈಗರೆ ಕೊಟ್ಟಿದ್ರೇನು?" ಆತ್ಮಾರಾಮ ಪೆನ್ನು ಸರಿಮಾಡಿಕೊಂಡ.

"ಶ್ರಾವಣ ಹಿಡಿದ ವಾರ ಒಬ್ಬಾತ ಬಂದಿದ್ದ," ಎಂದಳು ಕಾಂತಾಬಾಯಿ. "ನಾ ಜೀವಛತ್ರ ಕಂಪನಿಯಾವ, ಕಾರ್ಡ್ ಹೊಸಾದು ಮಾಡಿಕೊಡ್ತೀನಿ ಅಂದ. ಹೆಬ್ಬಟ್ಟು ಒತ್ತಿಸಿಕೊಂಡ, ಕಾರ್ಡ್ ಒಯ್ದ, ನಾಲ್ಕು ದಿನಕ್ಕ ವಾಪಸ್ ತಂದ ಕೊಟ್ಟ. ಬಲೆ ಛಲೋ ಮಾತಾಡಾವ."

"ಕಂಪನಿಯಾವ," ಎಂದು ಆತ್ಮಾರಾಮ ಗೊಣಗಿದ.

"ಹೂಂ ಮತ್ತ. ಆದ್ರ ಬಂದಿದ್ದು ಈ ಹುಡುಗಿ ದವಾಖಾನಿ ಬಿಳಿ ಗಾಡ್ಯಾಗ. ಬಾಗಲಕ್ಕ ಗಡಿಯಾರದ ಚಿತ್ರ ಇತ್ತು. ಎರಡು ಸಲನೂ ಅದೇ ಗಾಡಿ."

ಶಾಮಲಾ ಆತ್ಮಾರಾಮನ ಕೈ ನೋಡಿದಳು. ಆಡು ನಾಲ್ಕು ಎಂದು ಬರೆದ ಕೈ. ಪೆನ್ನು ಕಾಗದದಿಂದ ಒಂದು ನೂಲಿನಷ್ಟು ಮೇಲೆ ನಿಂತಿತ್ತು. ಆತ ಏನನ್ನೂ ಬರೆಯಲಿಲ್ಲ. ನೋಟ್ ಬುಕ್ ಮುಚ್ಚಿ, "ಹೋಗೋಣ," ಎಂದ.

ವಾಪಸು ಬರುವಾಗ ಆತ್ಮಾರಾಮ ನೋಟ್ ಬುಕ್ ತೆಗೆಯಲೇ ಇಲ್ಲ. ಜಹೀರಾಬಾದಿನ ಚೌಕದಲ್ಲಿ ಹೆಂಗಸರು ಆಗಲೇ ನಡುರಸ್ತೆಯಲ್ಲಿ ಇಟ್ಟಿಗೆ ಜೋಡಿಸಿ ಒಲೆ ಹೂಡುತ್ತಿದ್ದರು. ಹನ್ನೆರಡಕ್ಕೆ ರಸ್ತೆಯ ಮೇಲೇ ಅಡುಗೆ, ರಸ್ತೆಯ ಮೇಲೇ ಊಟ. ಆಮೇಲೆ ಒಂದು ಸೈಕಲ್ಲೂ ದಾಟದು. ಒಬ್ಬಾಕೆ ಜೀಪಿಗೆ ಸೌಟು ತೋರಿಸಿ, "ಜಲ್ದಿ ಹೋಗ್ರಿ, ಇಲ್ಲಾಂದ್ರ ಉಳ್ಳಾಗಡ್ಡಿ ಹೆಚ್ಚಾಕ ಕೂಡಸ್ತೀವಿ!" ಎಂದು ನಕ್ಕಳು. ದವಾಖಾನೆಯ ನೆತ್ತಿಯ ಗಡಿಯಾರದಲ್ಲಿ ಹನ್ನೊಂದೂ ಇಪ್ಪತ್ತೈದು.

ಸಂಜೀವಕುಮಾರ ಕಾರ್ಡಿನ ಕಿಟಕಿಯ ಹಿಂದಿನ ಕೋಣೆಯಲ್ಲಿದ್ದ. ಇಬ್ಬರೂ ಒಳಗೆ ಬಂದದ್ದು ಕಂಡು ಎದ್ದು ನಿಂತ. ಆತ್ಮಾರಾಮ ಫೈಲನ್ನು ಮೇಜಿನ ಮೇಲೆ ಎತ್ತಿ ಹಾಕಿದ.

"ಫೈಲ್ ಸುಳ್ಳದ. ಆ ಬಾಯಿ ಹೊಟ್ಟಿ ಮ್ಯಾಲ ಒಂದು ಗೀರೂ ಇಲ್ಲ. ನಿಮ್ಮ ಆಯಾನ ಒಳಗ ಹೋಗಿ ನೋಡ್ಯಾಳ. ನಿಮ್ಮ ದವಾಖಾನಿ ಕಥಿ ಮುಗೀತು ಸಂಜೀವಕುಮಾರ ಅವರ."

ಸಂಜೀವಕುಮಾರ ಶಾಮಲಾಳನ್ನು ನೋಡಿದ. "ನಿನಗ ಅನ್ನ ಹಾಕಿದ ಮನೀಗಿ ಇದನ್ನ ಮಾಡಿದೇನು?"

ಮೇಜಿನ ಕಾಲನ್ನು ನೋಡುತ್ತ ಮಾತಾಡಿದಳು. ಮನುಷ್ಯರ ಮುಖ ನೋಡಿದರೆ ಮಾತು ಬರುತ್ತಿರಲಿಲ್ಲ.

"ಫೈಲ್ ಸುಳ್ಳ ಅದ ರಿ. ಖರೆ. ಆದ್ರ ಇದನ್ನ ಬರೆದಾವರು ನಮ್ಮ ದವಾಖಾನ್ಯಾವರಲ್ಲ."

"ಅದ್ಹೆಂಗ ಗೊತ್ತಾತು ನಿನಗ?" ಆತ್ಮಾರಾಮನ ದನಿಯಲ್ಲಿ ತಂಗಿ ಎನ್ನುವುದು ಬಿದ್ದುಹೋಗಿತ್ತು.

"ನಡಕಿನ ಸಾಲು ಓದ್ರಿ ಸಂಜೀವಣ್ಣಾರ. ತಯಾರಿ ಹಾಳ್ಯಾಗಿಂದು."

ಆತ್ಮಾರಾಮ ಫೈಲಿಗೆ ಕೈ ಹಾಕಿದ. ಸಂಜೀವಕುಮಾರ ಅದಕ್ಕಿಂತ ಮುಂಚೆ ಎಳೆದುಕೊಂಡ. ಓದಿದ. ಓದುತ್ತ ಓದುತ್ತ ಅವನ ಎಡಗೈ ಅಂಗಿಯ ಮೇಲಿನಿಂದಲೇ ಎದೆಗೆ ಹೋಯಿತು. ಅಂಗಿಯೊಳಗೆ ಅವನದೂ ಒಂದು ಲಿಂಗವಿತ್ತು.

"ಲಿಂಗ ಬಿಚ್ಚಿ... ಗಂಡನ ಕೈಗಿ?" ಅವನ ದನಿ ಕುಗ್ಗಿತು. "ಇದನ್ನ ಯಾವ ಹುಚ್ಚ ಬರೆದಾನ?"

"ನೀವು ಬರೆಯಲ್ರಿ," ಎಂದಳು ಶಾಮಲಾ. "ಪ್ರೇಮಲಾ ಸಿಸ್ಟರ್ ಬರೆಯಲ್ಲ. ನಾನೂ ಬರಿಸಲ್ಲ. ಲಿಂಗ ತೋಳಿಗಿ ಕಟ್ಯದ ಅಂತ ಬರೀತೀವಿ, ಇಲ್ಲಾ ಜಾಗಾ ಖಾಲಿ ಬಿಡ್ತೀವಿ. ಬೆಳ್ಳೀದು ಕರಡಿಗಿ, ಲಿಂಗ ಅಲ್ಲ. ಇದನ್ನ ಬರೆದಾವಗ ಲಿಂಗ ಅಂದ್ರ ಒಂದು ಒಡವಿ, ಅಷ್ಟ. ಅವ ನಮ್ಮ ಥಿಯೇಟರ್ ಬಾಗಲದಾಗ ಒಂದಿನನೂ ನಿಂತಾವ ಅಲ್ಲ."

ಕೋಣೆಯ ಹೊರಗೆ ಯಾರೋ ಬಕೆಟ್ಟು ಎಳೆದು ಹೋದರು.

"ಭಾರಿ ಶ್ಯಾಣ್ಯಾಕಿ ಆದಿ," ಎಂದ ಆತ್ಮಾರಾಮ ಮೆಲ್ಲಗೆ. "ಆದ್ರ ಕೆಳಗ ದೊಡ್ಡ ಡಾಕ್ಟರ ಸಹಿ ಅದ. ಅದು ಖರೆ ಸಹಿ. ಅದಕ್ಕೇನಂತಿ?"

ಅದಕ್ಕೂ ಶಾಮಲಾಳ ಹತ್ತಿರ ಉತ್ತರವಿತ್ತು. ದೊಡ್ಡ ಡಾಕ್ಟರು ವಾರದಲ್ಲಿ ಮೂರು ದಿನ ಇಲ್ಲಿ, ಎರಡು ದಿನ ತಾಂಡೂರಿನಲ್ಲಿ, ಒಂದು ದಿನ ನಾರಾಯಣಖೇಡದಲ್ಲಿ. ತಾವಿಲ್ಲದಾಗ ಕಾಗದ ನಿಲ್ಲಬಾರದೆಂದು ಸೋಮವಾರ ಸೋಮವಾರ ಹತ್ತು ಖಾಲಿ ಹಾಳೆಗಳಿಗೆ ಸಹಿ ಹಾಕಿಟ್ಟು ಹೋಗುತ್ತಿದ್ದರು. ದವಾಖಾನೆಯಲ್ಲಿ ಅದು ಎಲ್ಲರಿಗೂ ಗೊತ್ತು. ತಪ್ಪು ಎಂದು ಯಾರಿಗೂ ಅನ್ನಿಸಿರಲಿಲ್ಲ.

"ಸಹಿ ಹಾಕಿದ ಖಾಲಿ ಹಾಳಿ ಆ ಡ್ರಾದಾಗ ಇರ್ತಾವ ರಿ," ಎಂದಳು. "ಕೀಲಿ ಸಂಜೀವಣ್ಣಾರ ಹತ್ರ ಇರ್ತದ. ಬಿಳಿ ಗಾಡಿ ಕೀಲಿನೂ."

ಸಂಜೀವಕುಮಾರನ ಮುಖದ ಬಣ್ಣ ಇಳಿಯಿತು. "ಗಾಡಿ ಯಾಕ ಬಂತು ಈಗ?"

"ಶ್ರಾವಣದಾಗ ಆ ಗಾಡ್ಯಾಗ ಕೂತು ಕಂಪನಿಯಾವ ಒಬ್ಬಾತ ಮೊಗುಡಂಪಲ್ಲಿಗಿ ಹೋಗ್ಯಾನಂತ. ಕಾಂತಾಬಾಯಿ ಕಾರ್ಡ್ ತಂದಾನಂತ. ನಿಮ್ಮ ಗಾಡಿ, ನಿಮ್ಮ ಹಾಳಿ. ಕಂಪನಿ ಮನಷ್ಯಾ." ಈಗ ಮೊದಲ ಸಲ ಆಕೆ ತಲೆ ಎತ್ತಿ ಆತ್ಮಾರಾಮನನ್ನು ನೋಡಿದಳು. "ಸಾಬ್ರ, ನೀವು ಎಲ್ಲಾ ಬರಕೊಂಡ್ರಿ. ಆಡು ಎಷ್ಟು ಅಂತ ಸೈತ ಬರಕೊಂಡ್ರಿ. ಇದೊಂದ ಮಾತ್ರ ಬರಕೊಳ್ಳಲಿಲ್ಲ."

ಆತ್ಮಾರಾಮ ನೋಟ್ ಬುಕ್ ಇದ್ದ ಜೇಬನ್ನು ಮುಟ್ಟಿಕೊಂಡ. ಸಂಜೀವಕುಮಾರ ಅವನನ್ನು ನೋಡಿದ. ಅವನು ಸಂಜೀವಕುಮಾರನನ್ನು ನೋಡಿದ. ಮೂರು ದಿನದಿಂದ ಕೋರ್ಟು, ನೋಟಿಸು ಎಂದು ಹಲ್ಲು ಕಡಿಯುತ್ತಿದ್ದವರ ನೋಟ ಅದಾಗಿರಲಿಲ್ಲ. ಒಂದೇ ಮನೆಯ ಇಬ್ಬರು, ಇದನ್ನು ನನಗೆ ಯಾಕೆ ಹೇಳಲಿಲ್ಲ ಎಂದು ಕಣ್ಣಲ್ಲೇ ಕೇಳಿಕೊಂಡ ಹಾಗಿತ್ತು.

"ಬಾಲರಾಜ ಹಂಗ ಅಂದಿರಲಿಲ್ರಿ," ಸಂಜೀವಕುಮಾರ ತೊದಲಿದ. "ಬರೀ ಕಾರ್ಡ್ ಹೊಸಾದು ಮಾಡಾಕ ಅಂದಿದ್ದ. ಹಾಳಿ ಮಾತ್ರ ನಾ..."

"ಸಂಜೀವ," ಎಂದ ಆತ್ಮಾರಾಮ.

ಒಂದೇ ಹೆಸರು. ಕುಮಾರನೂ ಇಲ್ಲ, ಅವರೂ ಇಲ್ಲ. ಸಂಜೀವಕುಮಾರನ ಬಾಯಿ ಟಪ್ಪನೆ ಮುಚ್ಚಿತು.

ದವಾಖಾನೆಯಲ್ಲಿ ಬಾಲರಾಜ ಎಂಬ ಹೆಸರಿನವರು ಯಾರೂ ಇರಲಿಲ್ಲ. ಅಂದರೆ ಬಿಳಿ ಗಾಡಿಯಲ್ಲಿ ಹೋದ ಕಂಪನಿಯವನೇ ಅವನು.

ಶಾಮಲಾ ನಿಂತಲ್ಲೇ ಲೆಕ್ಕ ಹಾಕಿದಳು. ಪಟ್ಟಿಯಿಂದ ದವಾಖಾನೆ ಹೊರಗೆ ಇದ್ದಷ್ಟು ದಿನ ಕಂಪನಿ ಯಾರ ಆಪರೇಷನ್ನಿಗೂ ದುಡ್ಡು ಕಟ್ಟಬೇಕಾಗಿಲ್ಲ. ದವಾಖಾನೆಯೂ ಅದೇ ರೋಗಿಗಳನ್ನು ಕಾರ್ಡಿಲ್ಲದೆ, ಕೈದುಡ್ಡಿಗೆ, ತನ್ನ ದರಕ್ಕೆ ನೋಡಬಹುದು. ಜಗಳಕ್ಕೊಂದು ನೆಪ ಬೇಕಿತ್ತು, ಕಾಂತಾಬಾಯಿಯ ಸುಳ್ಳು ಫೈಲು ಆ ನೆಪ. ಈ ಜಗಳ ಬೇಗ ಮುಗಿಯಬೇಕಾದದ್ದು ಇವರಿಬ್ಬರಿಗೂ ಅಲ್ಲ. ಮೂರನೆಯ ಮಂಚಕ್ಕೆ ಮಾತ್ರ.

ಬಾಗಿಲು ತೆರೆದು ಪ್ರೇಮಲಾ ತಲೆ ಹಾಕಿದಳು. ಈ ಸಲ ತಮಾಷೆ ಇರಲಿಲ್ಲ.

"ಸಾಯಮ್ಮಗ ಮತ್ತ ರಕ್ತ ಹೋಗಾಕತ್ಯದ. ದೊಡ್ಡ ಡಾಕ್ಟರು ಕೇಳಾಕತ್ಯಾರ, ಕೈ ತೊಳ್ಕೊಳ್ಲೋ, ಗಾಡಿ ತೆಗೀಲೋ ಅಂತ. ಏನ್ ಹೇಳ್ಲಿ?"

ಉತ್ತರಕ್ಕೆ ಕಾಯದೆ ಪ್ರೇಮಲಾ ಕೈಯಲ್ಲಿದ್ದ, ಸಾಯಮ್ಮನ ಆಪರೇಷನ್ನಿನ ಒಪ್ಪಿಗೆ ಕಾಗದವನ್ನು ಶಾಮಲಾಳಿಗೆ ಕೊಟ್ಟು ಓಡಿದಳು.

ಶಾಮಲಾ ಕಾಗದವನ್ನು ಮೇಜಿನ ಮೇಲೆ, ಇಬ್ಬರ ನಡುವೆ ಇಟ್ಟಳು. ಅಲ್ಲಾಡದ ಹಾಗೆ ಅದರ ಎರಡು ಮೂಲೆಗಳನ್ನು ಬೆರಳಿಂದ ಒತ್ತಿ ಹಿಡಿದಳು. ಈಗ ಆಕೆ ಮೇಜಿನ ಕಾಲು ನೋಡುತ್ತಿರಲಿಲ್ಲ.

"ಬಾಲರಾಜ ಯಾರು ಅಂತ ನಾ ಕೇಳಲ್ರಿ," ಎಂದಳು. "ಯಾರಿಗೂ ಏನೂ ಹೇಳಾಕ ಹೋಗಲ್ಲ. ಇಬ್ಬರಾಗ ಯಾರರೆ ಒಬ್ಬರು ಇದಕ್ಕ ಸಹಿ ಹಾಕ್ರಿ."

ಆತ್ಮಾರಾಮ ಫೈಲಿನ ದಾರ ಕಟ್ಟುತ್ತಿದ್ದ. ಸಂಜೀವಕುಮಾರ ಕಿಟಕಿಯ ಕಡೆ ತಿರುಗಿದ್ದ.

"ಸಹಿ ಹಾಕ್ರಿ," ಎಂದಳು ಶಾಮಲಾ.